ಕೆಂಪು ಇಳಿಜಾರಿನಲ್ಲಿ ಗಾರ್ಗಿ

ಜರ್ಸಿ ಸಿಟಿ
ಜನವರಿ 4

ಹಂಸಾ,

ಗಾರ್ಗಿಯ ಸ್ಕೂಲಿನ ಸ್ಕೀ ಟೀಮಿನ ಫಾರಂ ಇದರ ಜೊತೆಗಿದೆ. ನಾವು ಬೇರೆಯಾದ ಮೇಲೆ ಎಲ್ಲದಕ್ಕೂ ಇಬ್ಬರ ಸಹಿ ಬೇಕಲ್ಲ. ಸ್ಪರ್ಧೆಯ ವೇಗ ಅಪಾಯವೆಂದು ಎರಡು ತಿಂಗಳು ತಡೆಹಿಡಿದಿದ್ದ ನನ್ನ ಸಹಿಯನ್ನು ಹಾಕಿದ್ದೇನೆ.

ರಜೆಗೆ ಅವಳನ್ನು ಫ್ರಾನ್ಸಿನ ಆಲ್ಪ್ಸ್‌ಗೆ ಕರೆದುಕೊಂಡು ಹೋಗಿದ್ದಾಗ ಒಂದು ಮಧ್ಯಾಹ್ನ ನಾನೇ ತಪ್ಪು ಮಾಡಿದೆ. ಇಲ್ಲಿ ಅಮೆರಿಕದಲ್ಲಿ ಹಿಮದ ಇಳಿಜಾರುಗಳಿಗೆ ಹಸಿರು, ನೀಲಿ, ಕಪ್ಪು ಗುರುತು, ಕಪ್ಪೇ ಕಠಿಣ. ಅಲ್ಲಿ ನೀಲಿಗೂ ಕಪ್ಪಿಗೂ ನಡುವೆ ಕೆಂಪೂ ಇದೆ. ಕಪ್ಪಲ್ಲದ್ದೆಲ್ಲ ಸುಲಭವೆಂದುಕೊಂಡು ಅವಳನ್ನೂ ಕರೆದುಕೊಂಡು ಕೆಂಪಿನ ಲಿಫ್ಟ್ ಹತ್ತಿದೆ. ಮೇಲೆ ಇಳಿದು ಕೆಳಗೆ ನೋಡಿದವನೇ ಅಂಚಿನಿಂದ ಹಿಂದಕ್ಕೆ ಸರಿದೆ.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಕನ್ನಡದಲ್ಲಿ ಹೇಳಿದಳು: “ಅಪ್ಪಾ, ಕೆಳಗೆ ನೋಡ್ಬೇಡ. ನನ್ನ ಜಾಕೆಟ್ ನೋಡ್ಕೊಂಡು ಬಾ. ಬಿದ್ರೆ ನಗಲ್ಲ, ಪ್ರಾಮಿಸ್.”

ಬಿದ್ದೆ. ನಕ್ಕಳು. ಆಮೇಲೆ ಅಡ್ಡಡ್ಡ ಹೆಜ್ಜೆಯಿಡುತ್ತ ಮೇಲೆ ಹತ್ತಿ ಬಂದು, ಕಳಚಿದ್ದ ನನ್ನ ಸ್ಕೀ ತೊಡಿಸಿ, ಪ್ರತಿ ತಿರುವಿನಲ್ಲೂ ನಿಂತು ಕಾಯುತ್ತ ನನ್ನನ್ನು ಕೆಳಗಿಳಿಸಿದಳು. ಒಬ್ಬಳೇ ಆಗಿದ್ದರೆ ಎರಡು ನಿಮಿಷದ ದಾರಿ. ಒಂದು ಗಂಟೆ ಹಿಡಿಯಿತು. ಒಮ್ಮೆಯೂ ರೇಗಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಇಷ್ಟು ತಾಳ್ಮೆ ಎಲ್ಲಿಯದೆಂದು ಕೇಳಿದೆ.

“ಅಮ್ಮ ನಂಗೆ ಹೀಗೇ ಕಲಿಸಿದ್ದು.”

ನೀನು ಸ್ಕೀ ಕಲಿತಿರುವುದೇ ನನಗೆ ಗೊತ್ತಿರಲಿಲ್ಲ.

ಮೊದಲ ಸ್ಪರ್ಧೆ ಹದಿನೆಂಟಕ್ಕಂತೆ. ನಿನ್ನ ಅಭ್ಯಂತರವಿಲ್ಲದಿದ್ದರೆ ಬರುತ್ತೇನೆ. ನೋಡಲು ಬಂದವರು ಎಲ್ಲಿ ನಿಲ್ಲಬೇಕು, ಎಂಥ ಬೂಟು ಹಾಕಿಕೊಂಡು ಬರಬೇಕು, ಎರಡು ಸಾಲು ಬರೆದು ತಿಳಿಸು.

ಶಿವಪ್ರಸಾದ್