ಬೊಟ್ಟಿಲ್ಲದ ಹಾರ್ಮೋನಿಯಂ

ರುಕ್ಮಿಣಕ್ಕನವರ ಪಾದಗಳಿಗೆ ನಿಮ್ಮ ಪುಟ್ಟತಾಯಿ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಅಂತ ಶುರು ಮಾಡೋದು ವಾಡಿಕೆ. ನಿಮ್ಮ ಕ್ಷೇಮವನ್ನು ರಾಮದೇವರು ನೋಡಿಕೊಳ್ಳುತ್ತಾನೆ. ನನ್ನದನ್ನು ಕೇಳಲೇಬೇಡಿ. ಬೆಳಿಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ನಮ್ಮ ಯಜಮಾನರು ನೀರು ಬೆರೆಸಿಕೊಂಡು ಉಂಡೆದ್ದು ಹೋದರು. ಇವತ್ತು ಶನಿವಾರ. ಸಂಜೆ ಮಂದಿರದಲ್ಲಿ ಭಜನೆ. ನಮ್ಮ ಮಂಡಳಿ ಇವತ್ತಿಗೆ ಉಳಿಯುತ್ತೋ ಒಡೆಯುತ್ತೋ ತಿಳಿಯದು. ಒಡೆದರೆ ಅದು ನನ್ನ ಕೈಯಿಂದಲೇ. ಅದಕ್ಕೇ ಪಾತ್ರೆಗಳನ್ನು ಹಾಗೇ ಬಿಟ್ಟು ಕೂತು ಬರೀತಿದ್ದೀನಿ. ಹಳ್ಳಿ ಮಠದಲ್ಲಿ ನಾಲ್ಕು ವರ್ಷ ಓದಿದವಳ ಬರಹ. ಹಾಡಿನ ಪುಸ್ತಕದಲ್ಲಿ ನನ್ನ ಒತ್ತಕ್ಷರ ತಿದ್ದುತ್ತಿದ್ದ ಹಾಗೆ ಇದನ್ನೂ ತಿದ್ದಿಕೊಂಡು ಓದಿ.

ನೀವು ನನ್ನನ್ನು ಮೊದಲು ಒಳಗೆ ಕರೆದ ಸಂಜೆ ನೆನಪಿದೆಯೇ? ಸ್ವಾತಂತ್ರ್ಯ ಬಂದ ವರ್ಷ. ಒಂಟಿಕೊಪ್ಪಲಿಗೆ ನಾವು ಆಗಷ್ಟೇ ಬಂದಿದ್ದೆವು. ನಾನು ಪ್ರತಿ ಶನಿವಾರ ಮಂದಿರದ ಮೆಟ್ಟಿಲ ಮೇಲೆ ಚಪ್ಪಲಿಗಳ ಪಕ್ಕ ನಿಂತು ಕೇಳಿ ಹೋಗುತ್ತಿದ್ದೆ. ಒಳಗೆ ಕೂತವರೆಲ್ಲ ಸಂಗೀತ ಕಲಿತ ಮನೆಗಳವರು, ನಾನು ಹೊಲ ಗದ್ದೆಯವರ ಮನೆಯವಳು. ನೀವು ಹಾಡು ನಿಲ್ಲಿಸಿ, ಹಾರ್ಮೋನಿಯಂ ಮೇಲೆ ಕೈ ಇಟ್ಟುಕೊಂಡೇ, ದೇವರು ಒಳಗಿದ್ದಾನೆ ಕಣಮ್ಮ, ನೀನ್ಯಾಕೆ ಹೊರಗಿದ್ದೀಯ ಅಂದಿರಿ. ಮುಂದಿನ ಸಾಲಿನಲ್ಲಿ ಇಬ್ಬರು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದದ್ದನ್ನು ನೀವು ನೋಡಿಯೂ ನೋಡದವರ ಹಾಗೆ ಇದ್ದಿರಿ. ಆ ಒಂದು ಮಾತಿಗೆ ನಾನು ಹನ್ನೊಂದು ವರ್ಷ ನಿಮ್ಮ ಹಿಂದೆ ನಡೆದೆ. ನನಗೆ ಹಾಡು ಬರೆದುಕೊಳ್ಳೋಕೆ ಕಲಿಸಿದ್ದು, ತಾಳ ಹಾಕೋಕೆ ಕಲಿಸಿದ್ದು ನೀವೇ. ಇದನ್ನೆಲ್ಲ ಮೊದಲೇ ಹೇಳುತ್ತಿದ್ದೀನಿ. ಯಾಕಂದರೆ ಮುಂದೆ ಹೇಳೋದು ಬೇರೆ ಥರ ಇದೆ.

ಅದೇ ಸಂಜೆ, ಎರಡನೇ ದೇವರನಾಮಕ್ಕೆ ನಾನು ಧೈರ್ಯ ಮಾಡಿ ಬಾಯಿ ತೆಗೆದೆ. ನೀವು ಹಾಡು ಮುಗಿಸಿ ಹಿಂದಕ್ಕೆ ಬಾಗಿ, ನನ್ನ ಹೆಸರು ಕೇಳಿಕೊಂಡು, ಯಾರಿಗೂ ಕೇಳದ ಹಾಗೆ ಹೇಳಿದಿರಿ. “ಪುಟ್ಟತಾಯಿ, ನಿನ್ನ ಭಕ್ತಿ ದೇವರಿಗೆ ಗೊತ್ತು. ಶ್ರುತಿ ಸೇರುತ್ತಿಲ್ಲ. ನೀನು ಬಾಯಿ ಆಡಿಸು, ಸಾಕು.” ಎಷ್ಟು ಮೆತ್ತಗೆ ಹೇಳಿದಿರಿ. ಪ್ರಸಾದ ಕೊಟ್ಟ ಹಾಗೆ. ನಾನೂ ಪ್ರಸಾದ ತೆಗೆದುಕೊಂಡ ಹಾಗೇ ತೆಗೆದುಕೊಂಡೆ. ಅವತ್ತಿನಿಂದ ಹನ್ನೊಂದು ವರ್ಷ, ಹಿಂದಿನ ಸಾಲಿನಲ್ಲಿ ಕೂತು, ತುಟಿ ಆಡಿಸಿದೆ. ಹಿಂದಿನ ಸಾಲಿನವರೆಲ್ಲ ಅಷ್ಟೇ ಅಂತ ನನಗೆ ತಿಳಿಯೋಕೆ ಒಂದು ವರ್ಷ ಹಿಡಿಯಿತು. ನಾವು ಏಳು ಜನ, ನಿಮ್ಮ ಬೆನ್ನ ಹಿಂದೆ, ಮೀನಿನ ಹಾಗೆ. ನಿಮಗೆ ಅದು ಎಂದಾದರೂ…

ಇರಲಿ. ಕೆಂಪಮ್ಮನ ವಿಷಯ ಹೇಳುತ್ತೀನಿ. ಊದುಬತ್ತಿ ಹೊಸೆಯೋ ಕೆಂಪಮ್ಮ, ನಮ್ಮ ಹಿಂದಿನ ಬೀದಿಯವಳು. ನಾಲ್ಕು ವರ್ಷದ ಹಿಂದೆ ನಾನೇ ಕರೆದುಕೊಂಡು ಬಂದಿದ್ದೆ. ಬಂದವಳು ಬೀಸೋ ಕಲ್ಲಿನ ಮುಂದೆ ಕೂತವಳ ಹಾಗೆ ಗಂಟಲು ಬಿಟ್ಟು ಹಾಡಿಬಿಟ್ಟಳು. ಮಂದಿರದ ಗೋಡೆಯ ಮೇಲಿದ್ದ ಪಾರಿವಾಳಗಳು ಎದ್ದು ಹಾರಿಹೋದವು. ಮುಂದಿನ ಸಾಲಿನ ಲಲಿತಮ್ಮನವರು ಕಿವಿಯ ಓಲೆ ಸರಿ ಮಾಡಿಕೊಂಡು ನಕ್ಕರು. ಮಾರನೆಯ ದಿನ ನೀವು ನನ್ನನ್ನು ಕರೆದು, ಅವಳಿಗೆ ನೀನೇ ಹೇಳು, ನೀನು ತನ್ನವಳು ಅಂತ ನಿನ್ನ ಮಾತು ಕೇಳ್ತಾಳೆ ಅಂದಿರಿ. ನಾನು ಹೋಗಿ ಹೇಳಿದೆ. ಮಣೆಯ ಮೇಲೆ ಕರೀ ಹಿಟ್ಟು ಹೊಸೆಯುತ್ತಾ ಕೂತಿದ್ದಳು. ನೀವು ನನಗೆ ಹೇಳಿದ ಮಾತನ್ನೇ, ಅಷ್ಟೇ ಮೆತ್ತಗೆ ಅವಳಿಗೂ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

“ಬಾಯಾಡ್ಸಕ್ಕೆ ನಾನ್ಯಾಕವ್ವ ಅಲ್ಲಿಗಂಟ ಬರ್ಲಿ? ಮನೇಲಿ ಎಮ್ಮೆ ಐತೆ. ಅದೂ ದಿನವೆಲ್ಲ ಬಾಯಾಡುಸ್ತದೆ.”

ನಿಮಗೆ ಬಂದು ನಾನು ಹೇಳಿದ್ದು ಬೇರೆ. ಅವಳಿಗೆ ಕೆಲಸ ಜಾಸ್ತಿಯಂತೆ, ಬಿಡುವಿಲ್ಲವಂತೆ ಅಂದೆ. ಅದು ಸುಳ್ಳು ಅಕ್ಕ. ಅವಳು ಹೊಸೆದ ಊದುಬತ್ತಿ ಪ್ರತಿ ಶನಿವಾರ ದೇವರ ಮುಂದೆ ಉರಿಯುತ್ತಿತ್ತು. ಆ ಹೊಗೆ ಮೂಗಿಗೆ ಬಂದಾಗೆಲ್ಲ ನನಗೆ ಎಮ್ಮೆಯ ಮಾತು ನೆನಪಾಗುತ್ತಿತ್ತು.

ವೈಶಾಖದಲ್ಲಿ ನೀವು ಮಲಗಿದಿರಿ. ಆ ಮಧ್ಯಾಹ್ನ ನಿಮ್ಮ ಸೊಸೆ ಕಷಾಯ ಕಾಯಿಸೋಕೆ ಒಳಗೆ ಹೋಗಿದ್ದಳು, ನಾನೊಬ್ಬಳೇ ಪಕ್ಕದಲ್ಲಿ. ನೀವು ಕಣ್ಣು ಮುಚ್ಚಿಕೊಂಡೇ, ಒಂದು ದೇವರನಾಮ ಹೇಳೇ ಪುಟ್ಟತಾಯಿ ಅಂದಿರಿ. ನಾನು ಹೇಳಿದೆ. ಪಲ್ಲವಿ ಆಯಿತು, ಒಂದು ನುಡಿ ಆಯಿತು. ನೀವು ಕಣ್ಣು ಬಿಡದೆ, “ಕೇಳಿಸ್ತಿಲ್ಲ ಕಣೇ” ಅಂದಿರಿ. ಆಗ ಗೊತ್ತಾಯಿತು, ನಾನು ಬರೀ ತುಟಿ ಆಡಿಸುತ್ತಿದ್ದೆ. ಧ್ವನಿ ತೆಗೆಯಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಸೊಸೆ ಲೋಟ ಹಿಡಿದು ಬಂದಳು. ಅತ್ತೆಗೆ ಕಿವಿಯೂ ಮಂದವಾಯಿತು ಅಂತ ಕಣ್ಣೊರೆಸಿಕೊಂಡಳು. ನಾನು ಅಲ್ಲ ಅನ್ನಲಿಲ್ಲ. ಮೂರನೇ ದಿನ ನೀವು ಇರಲಿಲ್ಲ.

ನಿಮ್ಮ ಹಾರ್ಮೋನಿಯಂ ನನ್ನ ಪಾಲಿಗೆ ಬಂತು. ಹಾಡು ಬಾರದವಳು ಶ್ರುತಿಯನ್ನಾದರೂ ಹಿಡಿಯಲಿ ಅಂತ ನೀವೇ ಹೇಳಿ ಹೋಗಿದ್ದಿರಂತೆ. ಹಾಡು ಹೇಳಿಕೊಡೋ ಕೆಲಸ ಲಲಿತಮ್ಮನವರಿಗೆ ಹೋಯಿತು. ನನಗೆ ತಿಳಿದಿದ್ದದ್ದು ನೀವು ಪ್ರತಿ ಆಯುಧಪೂಜೆಗೆ ಕುಂಕುಮದ ಬೊಟ್ಟು ಇಡುತ್ತಿದ್ದ, ಬೆರಳಲ್ಲಿ ಒತ್ತೋ ಬಿಳಿ ಮನೆಗಳು ಮಾತ್ರ. ನಿಮ್ಮ ಐದು ಮನೆ ಶ್ರುತಿ. ಬೊಟ್ಟಿಲ್ಲದ ಮನೆ ಮುಟ್ಟಬಾರದು ಅಂತ ಯಾರೂ ಹೇಳಿರಲಿಲ್ಲ, ಆದರೂ ಯಾರೂ ಮುಟ್ಟುತ್ತಿರಲಿಲ್ಲ. ಶ್ರಾವಣದ ಒಂದು ಶನಿವಾರ ಆ ಬೊಟ್ಟಿನ ಮನೆ ಒತ್ತಿದರೆ ಇಳಿಯಲೊಲ್ಲದು. ಲಲಿತಮ್ಮನವರು ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದರು. ಕೇಳೋಣ ಅಂದರೆ ಯಾರಿದ್ದಾರೆ? ಬೆರಳುಗಳ ಅಂತರ ಹಾಗೇ ಇಟ್ಟುಕೊಂಡು, ಕೈಯನ್ನು ಎರಡು ಮನೆ ಎಡಕ್ಕೆ ಸರಿಸಿ ಒತ್ತಿದೆ. ಏನೋ ಒಂದು ನಾದ ಬಂತು, ಸಾಕು ಅಂದುಕೊಂಡೆ.

ಆಗ ನನ್ನ ಹಿಂದಿನಿಂದ ಒಂದು ಧ್ವನಿ ಬಂತು. ಆಮೇಲೆ ಇನ್ನೊಂದು. ಹಿಂದಿನ ಸಾಲಿನವರು ಹಾಡುತ್ತಿದ್ದರು ಅಕ್ಕ. ಯಾರ ಧ್ವನಿಯೂ ಸೀಳುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ. ಎಲ್ಲಾ ಸೇರಿ ಪೆಟ್ಟಿಗೆಯ ನಾದದ ಮೇಲೆ ಕೂತುಬಿಟ್ಟವು. ಅದರಲ್ಲಿ ಒಂದು ದಪ್ಪನೆಯ ಧ್ವನಿ ಯಾರದು ಅಂತ ತಿರುಗಿ ನೋಡೋಕೆ ಹೋದೆ. ಅದು ನನ್ನದು.

ಮಾರನೆಯ ದಿನ ಪೆಟ್ಟಿಗೆಯನ್ನು ಜಟಕಾದಲ್ಲಿ ಇಟ್ಟುಕೊಂಡು ಪೇಟೆಗೆ ಹೋದೆ. ರಿಪೇರಿಯ ಸಾಹೇಬರು, ವಯಸ್ಸಾದವರು, ಮುಚ್ಚಳ ಬಿಚ್ಚಿ ಮನೆಗಳ ಸಂದಿಯಿಂದ ಗಟ್ಟಿಯಾದ ಕುಂಕುಮವನ್ನು ಚಾಕುವಿನ ತುದಿಯಲ್ಲಿ ಕೆರೆದು ಕೆರೆದು ಕಾಗದದ ಮೇಲೆ ಗುಡ್ಡೆ ಹಾಕಿದರು. ಎಷ್ಟು ವರ್ಷದ್ದೋ. ಪೂಜೆ ಜಾಸ್ತಿಯಾಗಿ ವಾದ್ಯಕ್ಕೆ ಗಂಟಲು ಕಟ್ಟಿದೆಯಮ್ಮ ಅಂದರು. ನಮ್ಮ ಹಿಂದಿನ ಸಾಲಿನ ಕಥೆ ಹೇಳಿದೆ. ಅವರು ನಕ್ಕು, ಒಬ್ಬೊಬ್ಬರ ಗಂಟಲಿಗೆ ಒಂದೊಂದು ಶ್ರುತಿ, ನಿಮ್ಮ ಅಕ್ಕನವರದು ಅವರ ಗಂಟಲಿನದು, ನಿಮ್ಮದು ಎರಡು ಮನೆ ಕೆಳಗೆ, ಇದರಲ್ಲಿ ತಪ್ಪೇನು ಬಂತು ಅಂದರು. ಅವರಿಗೆ ಅದು ಅಷ್ಟು ಸಣ್ಣ ಮಾತು. ನಾನು ಆ ಕುಂಕುಮದ ಗುಡ್ಡೆಯನ್ನು ನೋಡುತ್ತಾ ಕೂತೆ.

ನಿಮಗಿದು ಗೊತ್ತಿತ್ತೇ ಅಕ್ಕ? ಗೊತ್ತಿದ್ದೂ ಬಿಟ್ಟಿರಾ, ಗೊತ್ತಿಲ್ಲದೇ ಆಯಿತಾ? ಅಷ್ಟು ಸಂಗೀತ ತಿಳಿದವರು ನೀವು. ಒಂದು ಸಲ, ಒಂದೇ ಒಂದು ಸಲ ಕೈ ಎಡಕ್ಕೆ ಸರಿಸಿದ್ದರೆ… ಮೆಟ್ಟಿಲಿನಿಂದ ಒಳಗೆ ಕರೆದವರೂ ನೀವೇ, ಒಳಗೆ ಕೂರಿಸಿ ಬಾಯಿ ಮುಚ್ಚಿಸಿದವರೂ ನೀವೇ. ನಾನು ಯಾರ ಮೇಲೆ ಸಿಟ್ಟಾಗಲಿ? ಬೆಳಗಿನ ದೀಪ ಹಚ್ಚುವಾಗ ನಿಮ್ಮ ಮೇಲೆ ಸಿಟ್ಟು ಬರುತ್ತೆ. ಸಂಜೆ ದೀಪದ ಹೊತ್ತಿಗೆ ನೀವಿಲ್ಲವಲ್ಲ ಅಂತ ಅಳು ಬರುತ್ತೆ.

ಈಗ ಇವತ್ತಿನ ಸಂಕಟ ಕೇಳಿ. ಈ ಸಲದ ಆಯುಧಪೂಜೆಗೆ ನಾನು ಪೆಟ್ಟಿಗೆಯ ಮುಚ್ಚಳಕ್ಕೆ ಅರಿಶಿನ ಕುಂಕುಮ ಇಟ್ಟು ಹೂವು ಮುಡಿಸಿದೆ. ಮನೆಗಳಿಗೆ ಬೊಟ್ಟು ಇಡಲಿಲ್ಲ. ಊರಿನಿಂದ ವಾಪಸಾಗಿದ್ದ ಲಲಿತಮ್ಮನವರು ಮುಚ್ಚಳ ತೆಗೆದು ನೋಡಿ ಎಲ್ಲರೆದುರು ಕೇಳಿದರು. “ಏನ್ರೀ ಪುಟ್ಟತಾಯಮ್ಮ, ಅಕ್ಕ ಹೋದರು ಅಂತ ಪೆಟ್ಟಿಗೆಗೂ ಕುಂಕುಮ ಅಳಿಸಿಬಿಟ್ಟಿರಾ?” ನನಗೆ ಮೈಯೆಲ್ಲ ಉರಿಯಿತು. ಅರ್ಧ ಭಜನೆ ಅಕ್ಕನ ಶ್ರುತಿಯಲ್ಲಿ, ಇನ್ನರ್ಧ ಕೆಳಗಿನ ಶ್ರುತಿಯಲ್ಲಿ ಆಗಲಿ ಅಂದೆ. ಅದಕ್ಕೆ ಲಲಿತಮ್ಮನವರು, ಅದು ಬಾವಿಗಿಳಿದು ಹಾಡಿದ ಹಾಗಿರುತ್ತೆ, ರುಕ್ಮಿಣಕ್ಕ ಇದ್ದಿದ್ದರೆ ಒಪ್ಪುತ್ತಿರಲಿಲ್ಲ, ಹಾಗೇ ಆಗೋದಾದರೆ ಮುಂದಿನ ಸಾಲಿನವರು ನಮ್ಮ ಮನೆಯಲ್ಲೇ ಭಜನೆ ಇಟ್ಟುಕೊಳ್ಳುತ್ತೇವೆ ಅಂದರು. ನೀವು ಒಪ್ಪುತ್ತಿರಲಿಲ್ಲ ಅನ್ನೋದೊಂದು ಮಾತು ಮುಳ್ಳಿನ ಹಾಗೆ ಕೂತಿದೆ. ಅದರ ಮೇಲೆ ನಾನು ಕೆಂಪಮ್ಮನ ಬಾಗಿಲಿಗೂ ಹೋಗಿ ಬಂದೆ. ನಾಲ್ಕು ವರ್ಷದ ಹಿಂದೆ ಹೇಳಿದ್ದು ತಪ್ಪಾಯಿತು, ಇವತ್ತು ಬಾ ಅಂದೆ. ಅವಳು ಕಡ್ಡಿ ಎಣಿಸುತ್ತಾ, ನೋಡಾಣ ಅಂದಳು. ಅಷ್ಟೇ. ಕರೆದು ಎರಡನೇ ಸಲ ಅವಮಾನ ಮಾಡಿಸಿದರೆ? ನೀವು ಕಟ್ಟಿದ್ದನ್ನು ನಾನು ಒಡೆದರೆ? ಹೊತ್ತಾಯಿತು. ತಲೆ ಬಾಚಿಕೊಂಡು ಹೊರಡಬೇಕು.

ಇಲ್ಲಿಗೆ ನಿಲ್ಲಿಸಿ ಹೋಗಿದ್ದೆ. ಈಗ ಭಾನುವಾರ ಬೆಳಿಗ್ಗೆ.

ಲಲಿತಮ್ಮನವರು ಬಂದಿದ್ದರು. ಮುಂದಿನ ಸಾಲಿನವರೆಲ್ಲ ಬಂದಿದ್ದರು, ಹಬ್ಬದ ಸೀರೆ ಉಟ್ಟು, ಇದೇ ಕೊನೆ ಅನ್ನೋ ಮುಖದಲ್ಲಿ. ದೀಪ ಹಚ್ಚಿದ ಮೇಲೆ ಕೆಂಪಮ್ಮ ಬಂದು ಮೆಟ್ಟಿಲ ಮೇಲೇ ನಿಂತಳು. ಸೀಗೆಪುಡಿ ಹಾಕಿ ಉಜ್ಜಿದ್ದರೂ ಕೈಯ ಕಪ್ಪು ಹೋಗಿರಲಿಲ್ಲ. ಅದನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ನಾನು ಎದ್ದು ಹೋಗಿ ಒಳಗೆ ಕರೆತಂದು ಪೆಟ್ಟಿಗೆಯ ಪಕ್ಕ ಕೂರಿಸಿಕೊಂಡೆ. ಮೊದಲರ್ಧ ನಿಮ್ಮ ಶ್ರುತಿಯಲ್ಲೇ ಆಯಿತು. ಲಲಿತಮ್ಮನವರು ಹಾಡಿದರು. ಸುಳ್ಳು ಹೇಳಬಾರದು, ಚೆನ್ನಾಗಿ ಹಾಡಿದರು. ಆಮೇಲೆ ನಾನು ಕೈಯನ್ನು ಎಡಕ್ಕೆ ಸರಿಸಿದೆ.

ಯಾರೂ ಬಾಯಿ ತೆಗೆಯಲಿಲ್ಲ. ಹಿಂದಿನ ಸಾಲಿನವರು ಮುಂದಿನ ಸಾಲಿಗೆ ಹೆದರಿ ಸುಮ್ಮನೆ ಕೂತರು. ಕೆಂಪಮ್ಮ ನನ್ನ ಮುಖ ನೋಡಿದಳು, ಕರೆದದ್ದು ಇದಕ್ಕೇನಾ ಅನ್ನೋ ಹಾಗೆ. ನಾನು ಪೆಟ್ಟಿಗೆಯ ತಿದಿ ಒತ್ತುತ್ತಲೇ ಇದ್ದೆ. ಸಾಲು ಹೇಳಿಕೊಡೋಕೆ ನಾನಲ್ಲದೆ ಇನ್ಯಾರೂ ಇರಲಿಲ್ಲ. ಜೀವಮಾನದಲ್ಲಿ ಒಂದು ಸಾಲೂ ಮುಂದಾಗಿ ಹೇಳಿದವಳಲ್ಲ ನಾನು. ರಾಮಾ ಅಂತ ಶುರು ಮಾಡಿದೆ. ಮೊದಲ ಸಾಲಿನಲ್ಲಿ ಧ್ವನಿ ಒಡೆಯಿತು. ಎರಡನೇ ಸಲ ಹೇಳುವಷ್ಟರಲ್ಲಿ ಕೆಂಪಮ್ಮ ಅದನ್ನು ಎತ್ತಿಕೊಂಡಳು. ಎತ್ತಿಕೊಂಡು ಹೋದಳು ಅನ್ನಿ. ಹಿಂದಿನ ಸಾಲು ಅವಳ ಹಿಂದೆ ಬಂತು.

ಆಗ ಒಂದು ನೋಡಿದೆ ಅಕ್ಕ. ಲಲಿತಮ್ಮನವರ ತುಟಿ ಆಡುತ್ತಿತ್ತು. ಧ್ವನಿ ಇರಲಿಲ್ಲ. ಅಷ್ಟು ಕೆಳಗೆ ಅವರ ಗಂಟಲು ಇಳಿಯದು. ಪಾಪ, ಬಿಟ್ಟು ಎದ್ದು ಹೋಗೋಕೂ ಮನಸ್ಸಿಲ್ಲ. ನಿಜ ಹೇಳುತ್ತೀನಿ, ಒಂದು ನುಡಿ ಮುಗಿಯೋವರೆಗೆ ನನಗೆ ಖುಷಿಯಾಯಿತು. ಆಡಿಸಲಿ, ಹನ್ನೊಂದು ವರ್ಷ ಆಡಿಸಲಿ ಅನ್ನಿಸಿತು. ರಾಮದೇವರ ಎದುರಿಗೇ ಕೂತು ಹಾಗಂದುಕೊಂಡೆ. ಆಮೇಲೆ ನನಗೇ ನಾಚಿಕೆಯಾಯಿತು. ತಿದಿ ನಿಲ್ಲಿಸಿದೆ.

“ಲಲಿತಮ್ಮನವರೇ, ತುಟಿ ಆಡಿಸಬೇಡಿ. ಎಷ್ಟು ಮೇಲೆ ಬೇಕು ಹೇಳಿ, ಸರಿಸ್ತೀನಿ.”

ಅವರು ಕಿವಿಯ ಓಲೆ ಸರಿ ಮಾಡಿಕೊಂಡರು. ಆಮೇಲೆ, ಒಂದು ಮನೆ ಮೇಲೆ ಹೋದರೆ ನೋಡಬಹುದೇನೋ ಅಂದರು. ಆ ನಡುವಿನ ಶ್ರುತಿಯಲ್ಲೇ ಮಂಗಳ ಹೇಳಿದೆವು. ಕೆಂಪಮ್ಮನಿಗೆ ಸ್ವಲ್ಪ ಮೇಲಾಯಿತು, ಲಲಿತಮ್ಮನವರಿಗೆ ಸ್ವಲ್ಪ ಕೆಳಗಾಯಿತು. ಯಾರ ಹಾಡೂ ಪೂರ್ತಿ ಚೆನ್ನಾಗಿರಲಿಲ್ಲ. ಆದರೆ ಎಲ್ಲರದೂ ಕೇಳಿಸುತ್ತಿತ್ತು. ಲಲಿತಮ್ಮನವರು ಮುಂದಿನ ಶನಿವಾರ ಬರುತ್ತೇನೆ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ಹಾಡಿನ ಪುಸ್ತಕವನ್ನು ಮಾತ್ರ ಮಂದಿರದಲ್ಲೇ ಬಿಟ್ಟು ಹೋದರು. ಕೆಂಪಮ್ಮ ಚಪ್ಪಲಿ ಮೆಟ್ಟುತ್ತಾ, “ಬರೋ ವಾರ ಒಸಿ ಬಿರ್ನೆ ಶುರು ಮಾಡ್ಬುಡಿ ಕಣವ್ವ, ಎಮ್ಮೆ ಕರೆಯೋ ಹೊತ್ತಾಗ್ತದೆ” ಅಂದಳು.

ನೀವು ಒಪ್ಪುತ್ತಿದ್ದಿರೋ ಇಲ್ಲವೋ ನನಗೆ ಇನ್ನೂ ತಿಳಿಯದು. ರಾತ್ರಿಯೆಲ್ಲ ಅದನ್ನೇ ಯೋಚಿಸಿ ನಿದ್ದೆ ಬರಲಿಲ್ಲ. ಒಂದನ್ನು ಮಾತ್ರ ನಿಮಗೆ ಹೇಳಲೇಬೇಕು. ಆ ಮಧ್ಯಾಹ್ನ ಕೇಳಿಸ್ತಿಲ್ಲ ಅಂದಿರಲ್ಲ, ನಿಮ್ಮ ಕಿವಿ ಸರಿಯಾಗಿಯೇ ಇತ್ತು ಅಕ್ಕ. ನಾನು ಹಾಡಿರಲಿಲ್ಲ. ನಿಮ್ಮ ಸೊಸೆಗೂ ಇದನ್ನು ಇವತ್ತೇ ಹೋಗಿ ಹೇಳುತ್ತೀನಿ. ವೈಶಾಖದಲ್ಲಿ ನಿಮ್ಮ ವರ್ಷದ ದಿನ ನಿಮ್ಮ ಮನೆಯ ನಡುಮನೆಯಲ್ಲಿ, ನೀವು ಮಲಗಿದ್ದ ಜಾಗದ ಪಕ್ಕ ಕೂತು, ಅವತ್ತು ಉಳಿದುಹೋದ ಆ ದೇವರನಾಮವನ್ನು ಪಲ್ಲವಿಯಿಂದ ಹೇಳುತ್ತೀನಿ. ನಿಮ್ಮ ಶ್ರುತಿಯಲ್ಲಲ್ಲ, ನನ್ನದರಲ್ಲಿ.

ಇಂತಿ ನಿಮ್ಮ ಹಿಂದಿನ ಸಾಲಿನ
ಪುಟ್ಟತಾಯಿ