ಬೈಕಿನಲ್ಲಿ ಹೋದ ವಿಮಾನಕ್ಕೆ ನೋಟಿಸು

ಗುತ್ತಿಗೆ ವಿಮಾನಗಳ ಮೇಲೆ ಉಪಗ್ರಹದಿಂದ ಕಣ್ಣಿಟ್ಟಿರುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಮ್ಮ ವಿಮಾನ ಪೇಟೆ ಬೀದಿಯಲ್ಲಿ ಆಳೆತ್ತರಕ್ಕಿಂತ ಕೆಳಗೆ ಹಾರಿತು, ರೈಲ್ವೆ ಗೇಟಿನ ಮುಂದೆ ಬಹಳ ಹೊತ್ತು ನಿಂತಿತು, ಕೊನೆಗೆ ಅನುಮತಿಯಿಲ್ಲದೆ ನಿಮ್ಮ ಕಚೇರಿಯ ಆವರಣದಲ್ಲೇ ಇಳಿಯಿತು ಎಂದು ನೋಟಿಸು ಕೊಟ್ಟು ಅದನ್ನು ಅಮಾನತು ಮಾಡಿದ್ದೀರಿ. ಸ್ವಾಮಿ, ಅದು ವಿಮಾನವಲ್ಲ, ನಾನು. ಬೈಕಿನಲ್ಲಿ ಬಂದಿದ್ದೆ. ವಿಮಾನ ಆ ದಿನವೆಲ್ಲ ಶೆಡ್ಡಿನಲ್ಲಿತ್ತು. ಈಗಲೂ ಅಲ್ಲೇ ಇದೆ. ಎದುರಿನ ಗುಡ್ಡ ಮಾತ್ರ ಉರಿಯುತ್ತಿದೆ.

ನಾನು ಓದಿದ್ದು ಹತ್ತನೇ ಕ್ಲಾಸು. ಕಾಡಿನ ಬೆಂಕಿಗೆ ಮೇಲಿಂದ ನೀರು ಸುರಿಯುವ ಒಂದು ಸಣ್ಣ ವಿಮಾನ, ಅದರ ಯಜಮಾನರು, ಹಾರಿಸುವ ಪೈಲಟ್ ಮೇಡಂ, ರಿಪೇರಿ ಮಾಡುವ ಸ್ಪ್ಯಾನರ್ ತಾತ, ಟ್ಯಾಂಕಿಗೆ ನೀರು ತುಂಬಿಸುವ ನಾನು, ಇಷ್ಟೇ ನಮ್ಮ ಕಂಪನಿ. ಕೂತಲ್ಲಿ ಕೂರುವ ಜಾತಕ ನನ್ನದಲ್ಲ. ನನ್ನ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ ಎಂದು ಅಮ್ಮ ಬೈಯುತ್ತಿರುತ್ತಾರೆ. ರೆಕ್ಕೆ ಕಟ್ಟಿದವರು ನೀವೇ ಮೊದಲು.

ವಿಮಾನದೊಳಗಿನ ಪೆಟ್ಟಿಗೆ ತಾನು ಎಲ್ಲಿದ್ದೇನೆಂದು ಉಪಗ್ರಹಕ್ಕೆ ಹೇಳುತ್ತದೆ, ಉಪಗ್ರಹ ಹೋಗಿ ನಿಮ್ಮ ಪರದೆಗೆ ಚಾಡಿ ಹೇಳುತ್ತದೆ. ಈ ಪೆಟ್ಟಿಗೆ ಬೇಡವೆಂದು ನಾನು ಹೇಳುವುದಿಲ್ಲ. ಕಳೆದ ವರ್ಷ ಹೊಗೆಯ ನಡುವೆ ಎಂಜಿನ್ ಕೆಮ್ಮಿ, ಮೇಡಂ ಯಾವುದೋ ಬಯಲಿನಲ್ಲಿ ಇಳಿಯಬೇಕಾಯಿತು. ನಿಮ್ಮ ಪರದೆಯ ಚುಕ್ಕಿ ನೋಡಿಕೊಂಡೇ ಜನ ಅವರನ್ನು ಹುಡುಕಿ ಕರೆತಂದರು. ಆ ಋಣ ನಮ್ಮ ಮೇಲಿದೆ. ನನ್ನ ತಕರಾರು ಚುಕ್ಕಿಯ ಮೇಲಲ್ಲ, ಚುಕ್ಕಿಯನ್ನೇ ವಿಮಾನವೆಂದು ನಂಬಿ ಕೂರುವವರ ಮೇಲೆ.

ನಿಮ್ಮ ಒಂದು ಆದೇಶದ ಪ್ರಕಾರ, ಗುತ್ತಿಗೆ ಶುರುವಾದ ಮೇಲೆ ಪೆಟ್ಟಿಗೆಯ ದೀಪ ಆರಕೂಡದು. ಇನ್ನೊಂದರ ಪ್ರಕಾರ, ಅದೇ ಪೆಟ್ಟಿಗೆಯನ್ನು ಬಿಚ್ಚಿ ನಿಮ್ಮ ಕಚೇರಿಗೆ ತಪಾಸಣೆಗೆ ತರಬೇಕು. ಯಾವುದನ್ನು ಪಾಲಿಸಲಿ ಎಂದು ಯಜಮಾನರು ಫೋನಿನಲ್ಲಿ ಕೇಳಿದರೆ, “ಎರಡನ್ನೂ” ಎಂಬ ಉತ್ತರ ಬಂತು. ಪಾಲಿಸಿದೆವು. ಅದೇ ತಪ್ಪಾಯಿತು ನೋಡಿ.

ತಾತ ಪೆಟ್ಟಿಗೆಯನ್ನು ವಿಮಾನದಿಂದ ಬಿಚ್ಚಿ, ದೀಪ ಆರದಂತೆ ಬ್ಯಾಟರಿ ಕಟ್ಟಿ ನನ್ನ ಕೈಗಿತ್ತರು. “ಬೀಳಿಸ್ಬೇಡ, ದೀಪ ಆರಿಸ್ಬೇಡ. ಅದಕ್ಕೆ ಯಾವಾಗ್ಲೂ ಆಕಾಶ ಕಾಣ್ತಿರ್ಬೇಕು.”

“ಇದೇನ್ ತಾತ, ಪೆಟ್ಟಿಗೇನೋ ಹಸುಗೂಸೋ?”

“ಹಸುಗೂಸಾಗಿದ್ರೆ ನಿನ್ ಕೈಲಿ ಕೊಡ್ತಿದ್ನೇನೋ?”

ನಿಮ್ಮ ಕಚೇರಿಯ ಮೂರನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಬೆಂಚಿನ ಮೇಲೆ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಳಗೆ ಗದ್ದಲವೋ ಗದ್ದಲ. ಬಾಗಿಲು ಕಾಯುವ ಅಣ್ಣ ನನ್ನನ್ನು ಒಳಗೆ ಬಿಡಲಿಲ್ಲ.

“ಕೂತ್ಕೊಳಪ್ಪಾ, ಒಳಗೆ ಎಮರ್ಜೆನ್ಸಿ.”

“ಏನಾಯ್ತಣ್ಣಾ?”

“ಯಾವ್ದೋ ವಿಮಾನ ನಮ್ ಬಿಲ್ಡಿಂಗಿಗೇ ಬಂದು ಇಳಿದಿದ್ಯಂತೆ!”

ಅಧಿಕಾರಿಗಳೇ, ನಿಮ್ಮ ಮುಂದೆ ಸುಳ್ಳೇಕೆ? ಆ ವಿಮಾನ ನೋಡಲು ನಾನೂ ಎದ್ದು ಕಿಟಕಿಯಿಂದ ಇಣುಕಿದೆ. ಪೆಟ್ಟಿಗೆ ಕಂಕುಳಲ್ಲೇ ಇತ್ತು. ಅಷ್ಟರಲ್ಲಿ ಪರದೆ ನೋಡುವ ಮೇಡಂ ಒಬ್ಬರು ಹೊರಗೆ ಓಡಿಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ್ರೀ ಅದು ಕೈಲಿ?” ಎಂದರು. ಹೇಳಿದೆ. ಗೋಡೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಬಾಗಿಲ ಅಣ್ಣನೂ ನಕ್ಕ. ಪೆಟ್ಟಿಗೆ ತಪಾಸಣೆಯಲ್ಲಿ ಪಾಸೂ ಆಯಿತು. ನಗದೇ ಇದ್ದದ್ದು ನಿಮ್ಮ ಕಂಪ್ಯೂಟರ್ ಒಂದೇ. ಅದು ಆಗಲೇ ನೋಟಿಸು ಕಳಿಸಿ ಮುಗಿಸಿತ್ತು. ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರ ನಿಮಗೊಬ್ಬರಿಗೇ ಅಂತೆ. ನೀವು ಸಭೆಯಲ್ಲಿದ್ದಿರಂತೆ.

ಆ ಹಾರಾಟ ನಡೆಸಿದ ಪೈಲಟ್ ಖುದ್ದಾಗಿ ವಿವರಣೆ ಬರೆದು ಸಹಿ ಹಾಕಬೇಕು, ಅಲ್ಲಿಯವರೆಗೆ ವಿಮಾನ ಮೇಲೇಳಕೂಡದು ಎನ್ನುತ್ತದೆ ನೋಟಿಸು. ಓದಿ ನಮ್ಮ ಪೈಲಟ್ ಮೇಡಂ ತಲೆ ಮೇಲೆ ಕೈಹೊತ್ತರು. “ಏನಂತ ಬರೀಲೋ? ರೈಲು ಬರ್ತಿತ್ತು, ಗೇಟ್ ಹಾಕಿದ್ರು, ಅದಕ್ಕೇ ವಿಮಾನ ನಿಲ್ಲಿಸಿದ್ದೆ ಅಂತ್ಲಾ?” ಹಾರಿಸಿದ್ದು ತಾನೇ ಎಂದು ಮೇಡಂ ಸಹಿ ಹಾಕಿದರೆ ಅವರ ಲೈಸೆನ್ಸಿಗೆ ಕುತ್ತು. ಹಾಕದಿದ್ದರೆ ವಿಮಾನ ಕದಲುವುದಿಲ್ಲ. ಅತ್ತ ದರಿ, ಇತ್ತ ಪುಲಿ. ನಾನೇ ಸಹಿ ಹಾಕುತ್ತೇನೆಂದು ನಿಮ್ಮ ಕಚೇರಿಗೆ ಹೇಳಿಸಿದೆ. ಪೈಲಟ್ ಅಲ್ಲದವರ ವಿವರಣೆ ಸ್ವೀಕರಿಸಲಾಗದು ಎಂದರು. ಪೈಲಟ್ ಅಲ್ಲದವನು ಹಾರಿದ್ದನ್ನು ಮಾತ್ರ ಹೇಗೆ ಸ್ವೀಕರಿಸಿದಿರಿ?

ಇಷ್ಟಕ್ಕೇ ಮುಗಿದಿದ್ದರೆ ನಿಮಗೆ ಹೀಗೆ ಪೇಪರಿನ ಮೂಲಕ ಬರೆಯುತ್ತಿರಲಿಲ್ಲ, ಗೆಳೆಯರಿಗೆ ಹೇಳಿ ನಗುತ್ತಿದ್ದೆ. ಆದರೆ ಮಾರನೆಯ ದಿನವೇ ಗುಡ್ಡಕ್ಕೆ ಬೆಂಕಿ ಬಿತ್ತು. ನಮ್ಮ ಭಾವ, ಅಕ್ಕನ ಗಂಡ, ನೆಲದ ಮೇಲೆ ಬೆಂಕಿ ತಡೆಯುವ ತಂಡದಲ್ಲಿದ್ದಾರೆ. ಗುದ್ದಲಿ, ಕತ್ತಿ, ಬೆನ್ನಿಗೊಂದು ನೀರಿನ ಕ್ಯಾನು, ಇವಿಷ್ಟೇ ಅವರ ಆಯುಧ. ಮೇಲಿಂದ ನೀರು ಬಿದ್ದು ಬೆಂಕಿ ತಗ್ಗಿದ ಮೇಲೆ ಅವರು ಮುಂದೆ ಹೋಗಬೇಕು. ಈಗ ಮೇಲಿಂದ ಬೀಳುತ್ತಿರುವುದು ಬೂದಿ ಒಂದೇ. ನಿನ್ನೆ ಭಾವ ಹುಬ್ಬು, ಗಡ್ಡ ಸುಟ್ಟುಕೊಂಡು ಬಂದು, “ಶೇವಿಂಗ್ ಖರ್ಚು ಉಳೀತು ಬಿಡು” ಎಂದು ತಮಾಷೆ ಮಾಡಿದರು. ಅಕ್ಕ ನಗಲಿಲ್ಲ. ನನ್ನನ್ನು ಹೊರಗೆ ಕರೆದಳು.

“ನಿಮ್ ವಿಮಾನ ಯಾವಾಗ ಏಳುತ್ತೋ?”

“ನೋಟಿಸ್ ಇದೆ ಅಕ್ಕ.”

“ನೋಟಿಸ್ ಗುಡ್ಡಕ್ಕೂ ಒಂದು ಕಳ್ಸೋಕೆ ಹೇಳು, ಉರೀಬೇಡ ಅಂತ.”

ಬೈಕ್ ಹತ್ತಿ ನೇರ ಶೆಡ್ಡಿಗೆ ಬಂದುಬಿಟ್ಟೆ.

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಿಮಗೂ ಗೊತ್ತು. ಇಲ್ಲಿ ಬಾವಿ ಇದೆ, ನೀರಿದೆ, ಹಗ್ಗವೂ ಇದೆ. ಬಿಂದಿಗೆ ಅಮಾನತಿನಲ್ಲಿದೆ. ಫೋನ್ ಮಾಡಿದಾಗಲೆಲ್ಲ “ಕಡತ ಚಲನೆಯಲ್ಲಿದೆ” ಎನ್ನುತ್ತೀರಿ. ವಿಮಾನ ನಿಂತಿದೆ, ಕಡತ ಓಡುತ್ತಿದೆ! ಹಾಗಾದರೆ ಆ ಪೆಟ್ಟಿಗೆಯನ್ನು ಕಡತಕ್ಕೇ ಕಟ್ಟಿಬಿಡಿ. ಯಾರ ಮೇಜಿನ ಮೇಲೆ ಎಷ್ಟು ಹೊತ್ತು ಇಳಿದಿದೆ ಎಂದು ನಾವೂ ಪರದೆಯಲ್ಲಿ ನೋಡುತ್ತೇವೆ.

ನಾನು ಕೇಳುವುದು ಒಂದೇ. ಗಾಳಿ ಈಗ ಊರಿನ ಕಡೆ ತಿರುಗಿದೆ. ನಾಳೆ ಬೆಳಕು ಹರಿಯುತ್ತಲೇ ಭಾವನ ತಂಡ ಮತ್ತೆ ಗುಡ್ಡ ಹತ್ತುತ್ತದೆ, ವಿಮಾನ ಬಂದರೂ ಬಾರದಿದ್ದರೂ. ಅಷ್ಟರೊಳಗೆ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ತಪ್ಪಾಯಿತು ಎಂದೇನೂ ಬರೆಯಬೇಡಿ, “ಹಾರಿ” ಎಂಬ ಒಂದು ಮಾತು ಸಾಕು. ಶಿಕ್ಷೆ ಕೊಡಲೇಬೇಕೆಂದಿದ್ದರೆ ಬೆಂಕಿ ಆರಿದ ಮೇಲೆ ನನ್ನನ್ನು ಕರೆಸಿ. ಭಾವನನ್ನೂ ಜೊತೆಗೆ ಕರೆತಂದು ನಿಮಗೆ ತೋರಿಸುತ್ತೇನೆ. ತೋರಿಸುವಂತೆ ಮಾಡಿ.

ಇಂತಿ,
ಟ್ಯಾಂಕ್ ತುಂಬಿಸಿಟ್ಟು, ನಿಮ್ಮ ಫೋನಿಗಾಗಿ ಶೆಡ್ಡಿನ ಬಾಗಿಲಲ್ಲಿ
ಜೀವಮಾನದಲ್ಲೇ ಮೊದಲ ಸಲ ಕೂತಲ್ಲೇ ಕೂತಿರುವ
ನೀರು ತುಂಬಿಸುವವನು