ಮಹಡಿಯ ಮೇಲಿನ ಎರಡನೇ ಒಲೆ

ಪಾಲಂ ಕಾಲೊನಿ, ನವದೆಹಲಿ
೧೩ ಸೆಪ್ಟೆಂಬರ್ ೨೦೨೫, ಶನಿವಾರ

ಪ್ರೀತಿಯ ಸ್ಫೂರ್ತಿ,

ಹೇಗಿದ್ದೀಯಮ್ಮಾ? ಬೆನ್ನುನೋವು ಕಡಿಮೆಯಾಯಿತೇ? ಅದಿತಿ ಪುಟ್ಟಿ ರಾತ್ರಿ ಮಲಗುತ್ತಾಳೋ, ಇಲ್ಲ ಅವಳಪ್ಪನ ಹಾಗೆ ಹಗಲೆಲ್ಲ ನಿದ್ದೆ ಹೊಡೆದು ರಾತ್ರಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತಾಳೋ? ನಿಮ್ಮಮ್ಮ ರತ್ನಪ್ರಭಾ ಅವರು ಮಾಡುವ ಬಾಣಂತನದ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಆದರೂ ಹೇಳುತ್ತೇನೆ, ಎಣ್ಣೆನೀರು ಹಾಕಿಸಿಕೊಂಡ ದಿನ ಫ್ಯಾನಿನ ಕೆಳಗೆ ಕೂರಬೇಡ, ತುಮಕೂರಿನ ಗಾಳಿ ತಣ್ಣಗಿರುತ್ತದೆ. ಇಲ್ಲಿ ಮಳೆ ನಿಂತ ಮೇಲೆ ಒಂದೇ ಸಮ ಸೆಕೆ, ಉಟ್ಟ ಸೀರೆ ಮೈಗೇ ಅಂಟಿಕೊಳ್ಳುತ್ತದೆ. ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದರು ಅತ್ತೆ ಅಂತ ನಗಬೇಡ. ಫೋನಿನಲ್ಲಿ ನಿನ್ನ ಮಾವನವರು ಪಕ್ಕದಲ್ಲೇ ಕೂತು ನನ್ನ ಮಾತನ್ನೆಲ್ಲ ತಿದ್ದುತ್ತಾರೆ. ಚರಣ್ ಸ್ಪೀಕರ್ ಹಾಕಿ ಎದ್ದು ಹೋಗುತ್ತಾನೆ. ಈ ವಿಷಯವೋ, ನಿನ್ನ ಮಾವನವರ ಎದುರಿಗೆ ಹೇಳುವಂಥದ್ದಲ್ಲ. ಅವರು ಈಗ ಕ್ಷೌರಕ್ಕೆ ಹೋಗಿದ್ದಾರೆ. ಬರುವಷ್ಟರಲ್ಲಿ ಮುಗಿಸಬೇಕು.

ಮೊದಲು ಒಂದು ಮಾತು. ಗ್ರೇಟರ್ ನೋಯ್ಡಾದಲ್ಲಿ ಬಾಡಿಗೆ ಫ್ಲ್ಯಾಟ್ ನೋಡುತ್ತಿದ್ದೀರಿ, ಬಾಣಂತನ ಮುಗಿಸಿಕೊಂಡು ನೀನು ಮಗು ಸಮೇತ ನೇರವಾಗಿ ಅಲ್ಲಿಗೇ ಹೋಗುತ್ತೀ ಅಂತ ಚರಣ್ ಹೋದ ವಾರ ಬಾಯಿಬಿಟ್ಟ. "ಅಮ್ಮಾ, ನಾರಾಜ್ ಆಗ್ಬೇಡ, ಆಫೀಸ್ ಹತ್ರ ಆಗತ್ತೆ" ಅಂದ. ನಾನೇನು ಕಣ್ಣಲ್ಲಿ ಮಣ್ಣು ಹಾಕಿಸಿಕೊಂಡಿದ್ದೇನೆಯೇ? ಅವನ ಆಫೀಸು ಗುರುಗ್ರಾಮದಲ್ಲಿ, ನಮ್ಮ ಮನೆಯ ಈ ಕಡೆಗೇ. ದೆಹಲಿಯ ಆಚೆ ತುದಿಯ ಗ್ರೇಟರ್ ನೋಯ್ಡಾ ಅದಕ್ಕೆ ಹತ್ತಿರವಂತೆ! ಕಾರಣ ನನಗೂ ಗೊತ್ತು, ನಿನಗೂ ಗೊತ್ತು. ಏಪ್ರಿಲ್‌ನಲ್ಲಿ ನೀನು ತವರಿಗೆ ಹೊರಡುವ ಮುಂಚೆ, ಮಹಡಿಯ ಮೇಲೆ ಒಂದು ಸಣ್ಣ ಅಡುಗೆಮನೆ ಮಾಡಿಕೊಳ್ಳುತ್ತೇನೆ ಅತ್ತೆ ಅಂದೆ. ಒಂದು ಮನೆಯಲ್ಲಿ ಒಲೆ ಎರಡಾದರೆ ಊರವರು ಅದಕ್ಕೆ ಪಾಲಾದ ಮನೆ ಅನ್ನುತ್ತಾರೆ, ನಾನು ಬದುಕಿರುವಾಗ ಅದಾಗದು ಅಂತ ನಾನು ಕಣ್ಣೀರು ಹಾಕಿ ಹೇಳಿದೆ. ನೀನು ರೈಲು ಹತ್ತುವಾಗ ಕಾಲಿಗೆ ನಮಸ್ಕಾರ ಮಾಡಿದೆ, ಆದರೆ ಮುಖ ಎತ್ತಿ ನೋಡಲಿಲ್ಲ. ನಾಮಕರಣದ ವಾರವೇ ಇವರ ಕಣ್ಣಿನ ಪೊರೆಯ ಆಪರೇಷನ್ ಬಂದು ನಾನು ಬರಲಾಗಲಿಲ್ಲ. ನನ್ನ ಮೊಮ್ಮಗಳನ್ನು ಮೊಬೈಲಿನ ಗಾಜಿನಲ್ಲಿ ಬಿಟ್ಟರೆ ನಾನಿನ್ನೂ ನೋಡಿಯೇ ಇಲ್ಲ. ಈಗ ನೋಯ್ಡಾ ಅಂದರೆ ಇನ್ನು ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ. ಅದನ್ನು ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ, ಸುಳ್ಳು ಹೇಳುವುದಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ನಿನ್ನ ಮಾವನವರ ಕರೆಂಟಿನ ಹುಚ್ಚು ನಿನಗೆ ಹೊಸದಲ್ಲ. ದೆಹಲಿಯಲ್ಲಿ ತಿಂಗಳಿಗೆ ಇನ್ನೂರು ಯೂನಿಟ್ ದಾಟದಿದ್ದರೆ ಬಿಲ್ಲು ಸೊನ್ನೆ. ನಮ್ಮ ಮನೆಯಲ್ಲೋ ಕೆಳಗೊಂದು ಮೀಟರು, ಮೇಲೊಂದು ಮೀಟರು, ಎರಡಕ್ಕೂ ಸೊನ್ನೆ. ಎರಡನೆಯದು ಯಾಕೆ, ಹೇಗೆ ಬಂತು ಅಂತ ನಾನು ಒಂದು ದಿನವೂ ಕೇಳಿದವಳಲ್ಲ. ತಿಂಗಳ ಕೊನೆ ಬಂತೆಂದರೆ ಟಾರ್ಚು ಹಿಡಿದು ಮೀಟರಿನ ಮುಂದೆ ನಿಲ್ಲುತ್ತಿದ್ದರಲ್ಲ, ದೇವರ ಮುಂದೆ ಅಷ್ಟು ಹೊತ್ತು ನಿಂತಿದ್ದರೆ ಇಷ್ಟರಲ್ಲಿ ಮೋಕ್ಷವೇ ಸಿಗುತ್ತಿತ್ತು. ನೂರಾ ತೊಂಬತ್ತು ದಾಟಿದರೆ ಮಿಕ್ಸಿ ಬಂದ್, ನಾನು ಚಟ್ನಿಯನ್ನು ಒರಳಲ್ಲಿ ರುಬ್ಬಬೇಕು. ಬಸುರಿ ಹೆಂಗಸು ನೀನು, ನಿನಗೂ ಏಸಿ ಇಲ್ಲ, ತವರಿಗೆ ಹೊರಡುವವರೆಗೂ ಕೂಲರಿನ ಒದ್ದೆ ಹುಲ್ಲಿನ ವಾಸನೆಯಲ್ಲೇ ಕಳೆದೆ. ಅಂಥ ಮನುಷ್ಯ ಜುಲೈಯಲ್ಲಿ ವೀಡಿಯೋದಲ್ಲಿ ಮಗುವನ್ನು ನೋಡಿ ಫೋನ್ ಕೆಳಗಿಟ್ಟವರೇ ಏನಂದರು ಗೊತ್ತೇ? "ಸರಳಾ, ಛಾವಣಿಗೆ ಸೋಲಾರ್ ಹಾಕಿಸ್ತೀನಿ. ಕೂಸಿನ ರೂಮಿಗೆ ಏಸಿ." ನನ್ನ ಕೈಯಲ್ಲಿದ್ದ ಸೌಟು ಹುಳಿಯೊಳಗೇ ಬಿತ್ತು. ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ಈ ಬಾಯಲ್ಲಿ ಏಸಿ ಅನ್ನುವ ಶಬ್ದ ಬಂದದ್ದು ಅದೇ ಮೊದಲು.

ಸೋಲಾರ್ ಹಾಕುವ ಕಿಶನ್ ಭಯ್ಯಾ ಬಂದ. ಮೂರು ಕಿಲೋವ್ಯಾಟ್ ಸಾಕು ಅಂದ, ಒಟ್ಟು ಒಂದು ಲಕ್ಷದ ತೊಂಬತ್ತು ಸಾವಿರ ಅಂದ. ನಾನು ಗೋಡೆ ಹಿಡಿದುಕೊಂಡೆ. ತಡೀರಿ ಆಂಟೀಜೀ ಅಂತ ಅವನೇ ಮಾತು ಮುಂದುವರಿಸಿದ: ಅದರಲ್ಲಿ ಕೇಂದ್ರ ಸರ್ಕಾರ ಎಪ್ಪತ್ತೆಂಟು ಸಾವಿರ ಕೊಡುತ್ತದೆ, ದೆಹಲಿ ಸರ್ಕಾರ ಮೇಲೆ ಮೂವತ್ತು ಸಾವಿರ. ನಮ್ಮ ಕೈಯಿಂದ ಹೋಗುವುದು ಎಂಬತ್ತೆರಡು ಸಾವಿರ. ಸಾಲದ್ದಕ್ಕೆ ನಮ್ಮ ಛಾವಣಿಯಲ್ಲಿ ಹುಟ್ಟುವ ಒಂದೊಂದು ಯೂನಿಟ್ಟಿಗೂ ಐದು ವರ್ಷ ಮೂರು ಮೂರು ರೂಪಾಯಿ ನಮಗೇ ಕೊಡುತ್ತಾರಂತೆ. ನಮ್ಮ ಬಿಸಿಲಿಗೆ ನಮಗೇ ದುಡ್ಡು! ಈ ಊರಿನ ಬಿಸಿಲನ್ನು ಇಷ್ಟು ವರ್ಷ ಬೈದುಕೊಂಡೇ ಬಂದವಳು ನಾನು, ಬಾಯಿ ಮೇಲೆ ಬೆರಳಿಟ್ಟುಕೊಂಡೆ. ಆದರೂ ನಾನೇನು ದಡ್ಡಿಯಲ್ಲ, ಕೇಳಿಯೇ ಕೇಳಿದೆ: ಈಗಲೇ ನಮಗೆ ಬಿಲ್ಲು ಸೊನ್ನೆ, ಸೋಲಾರಿನಿಂದ ಉಳಿಯುವುದೇನು ಮಣ್ಣು? ಅದಕ್ಕೆ ಇವರು ಹೇಳಿದರು, ಏಸಿ ಹಾಕಿದರೆ ಇನ್ನೂರು ಎಲ್ಲಿಗೂ ಸಾಲದು, ಅದರಾಚೆ ಅರ್ಧ ಬಿಲ್ಲು, ನಾನೂರು ದಾಟಿದರೆ ಸರ್ಕಾರದ ರಿಯಾಯಿತಿ ಪೂರ್ತಿ ಹೋಗುತ್ತದೆ, ಅಲ್ಲಿಂದ ಸಾವಿರಗಟ್ಟಲೆ ಬರುತ್ತದೆ. ಛಾವಣಿಯಲ್ಲಿ ತಿಂಗಳಿಗೆ ಮುನ್ನೂರು ಯೂನಿಟ್ ಹುಟ್ಟಿದರೆ ಅದು ಏಸಿಗೆ ಜಮಾ. ದುಡ್ಡು ಮಾತ್ರ ಮೊದಲು ಪೂರ್ತಿ ನಾವೇ ಕೊಡಬೇಕು, ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬರುತ್ತದೆ. ಎಫ್‌ಡಿ ಮುರಿಸಿದರಮ್ಮಾ! ಚರಣ್ ಇಂಜಿನಿಯರಿಂಗ್ ಓದುವಾಗ ಮುರಿಯದಿದ್ದ ಎಫ್‌ಡಿ.

ಆಗಸ್ಟ್ ಕೊನೆಗೆ ಸೋಲಾರ್ ಹಲಗೆಗಳು ಛಾವಣಿ ಏರಿದವು. ನಾನು ಹಪ್ಪಳ, ಸಂಡಿಗೆ ಒಣಗಿಸುತ್ತಿದ್ದ ಜಾಗವೆಲ್ಲ ಹೋಯಿತು. ಎತ್ತರದ ಕಾಲು ಕೊಟ್ಟು ನಿಲ್ಲಿಸಿದ್ದಾರೆ, ಕೆಳಗೆ ನೆರಳಿದೆ, ಒಗೆದ ಬಟ್ಟೆ ಹರವಬಹುದು ಅಷ್ಟೇ. ಆಗ ಕಿಶನ್ ಹೊಸ ರಾಗ ತೆಗೆದ. ಈ ಸೋಲಾರ್ ಸೇರುವುದು ಕೆಳಗಿನ ಮೀಟರಿಗೆ ಮಾತ್ರ, ಮೇಲಿನ ಮೀಟರಿನದು ಬೇರೆ ಲೆಕ್ಕ, ಏಸಿ ಇರುವುದು ಮೇಲೆ. ಹಾಗಾಗಿ ಮೇಲಿನ ಮೀಟರು ವಾಪಸು ಕೊಟ್ಟು ಇಡೀ ಮನೆ ಒಂದೇ ಮೀಟರಿನಲ್ಲಿರಲಿ ಅಂದ. ಬಹಳ ಸರಿ ಅಂದೆ ನಾನು. ನಿನ್ನ ಮಾವನವರು ಮಾತ್ರ ಮಜ್ಜಿಗೆಯಲ್ಲಿ ಹುಳ ಕಂಡವರ ಹಾಗೆ ಮುಖ ಮಾಡಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೊನ್ನೆ ಬುಧವಾರ ಕರೆಂಟು ಕಂಪನಿಯಿಂದ ಪರಿಶೀಲನೆಗೆ ಒಬ್ಬ ಹುಡುಗಿ ಬಂದಳು. ನಿನ್ನ ವಯಸ್ಸೇ ಇರಬಹುದು, ಬಿಸಿಲಲ್ಲಿ ಸ್ಕೂಟಿಯಲ್ಲಿ ಬಂದಿದ್ದಳು, ಪಾಪ, ಮೊದಲು ನೀರು ಮಜ್ಜಿಗೆ ಕೊಟ್ಟೆ. ಕೆಳಗೆಲ್ಲ ನೋಡಿ, ಮಹಡಿ ಹತ್ತಿ, ಸುತ್ತ ಕಣ್ಣಾಡಿಸಿ ಕೇಳಿದಳು: "ಅಂಕಲ್‌ಜೀ, ಊಪರ್‌ವಾಲೀ ಫ್ಯಾಮಿಲಿ ಕಾ ಕಿಚನ್ ಕಹಾಂ ಹೈ?" ಮೇಲಿನ ಸಂಸಾರದ ಅಡುಗೆಮನೆ ಎಲ್ಲಿ ಅಂತ! ಯಾವ ಮೇಲಿನ ಸಂಸಾರ ಅಂದೆ ನಾನು. ಅವಳು ಕೈಯಲ್ಲಿದ್ದ ಟ್ಯಾಬ್ ನೋಡಿಕೊಂಡು, ಮಗ ಸೊಸೆ ಬೇರೆ ಸಂಸಾರ, ಬೇರೆ ಅಡುಗೆಮನೆ, ಹಾಗಂತ ಬರೆಸಿಯೇ ಮೂರು ವರ್ಷದ ಹಿಂದೆ ಎರಡನೇ ಮೀಟರು ಪಡೆದಿದ್ದೀರಲ್ಲ ಆಂಟೀ ಅಂದಳು. ಒಂದೇ ಮನೆಗೆ ಎರಡು ಮೀಟರು ಕೊಡುವುದಿಲ್ಲವಂತೆ, ಒಲೆ ಬೇರೆಯಾದರೆ ಮಾತ್ರ ಕೊಡುತ್ತಾರಂತೆ.

ಕೇಳಿದೆಯಾ ಸ್ಫೂರ್ತಿ! ಅಯ್ಯೋ ರಾಮಾ! ಇವರ ಮುಖ ನೋಡಿದೆ, ನೋಡುವ ಹಾಗಿರಲಿಲ್ಲ. ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತಿಯಾದ ಮನುಷ್ಯ, ಆಫೀಸಿನ ಒಂದು ಗುಂಡುಸೂಜಿ ಮನೆಗೆ ತಂದವರಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತಲ್ಲ! ಹುಡುಗಿ ಹೋದ ಮೇಲೆ ಹಿಡಿದು ಕೂರಿಸಿ ಕೇಳಿದೆ. ಆಗ ಒಂದೊಂದೇ ಹೊರಬಿತ್ತು. ನಿಮ್ಮ ಮದುವೆಯಾದ ವರ್ಷ ನಾನು ನನ್ನ ತಂಗಿಯ ಮಗನ ಮುಂಜಿಗೆಂದು ಹಾಸನಕ್ಕೆ ಹೋಗಿದ್ದೆನಲ್ಲ, ನೀವಿಬ್ಬರೂ ಆಫೀಸಿಗೆ ಹೋಗಿದ್ದ ಹೊತ್ತಿನಲ್ಲಿ ಅಟ್ಟದ ಹಳೆ ಗ್ಯಾಸ್ ಒಲೆ ಇಳಿಸಿ, ಮಹಡಿಯ ವರಾಂಡದಲ್ಲಿ ಇಸ್ತ್ರಿ ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ನನ್ನ ಬೇಳೆ ಡಬ್ಬಿ, ಸಾಸಿವೆ ಡಬ್ಬಿ ಜೋಡಿಸಿ, ನೋಡಲು ಬಂದವರಿಗೆ ಇದೇ ಸೊಸೆಯ ಅಡುಗೆಮನೆ ಅಂತ ತೋರಿಸಿದರಂತೆ. ನಾನು ಊರಿಂದ ಬಂದು ತೊಗರಿಬೇಳೆ ಡಬ್ಬಿ ಕಾಣದೆ ಕೆಲಸದವಳನ್ನು ಹಿಗ್ಗಾಮುಗ್ಗಾ ಬೈದಿದ್ದೆ. ಇವರು ಎದುರಿಗೇ ಕೂತು ಪೇಪರ್ ಓದುತ್ತಿದ್ದರು, ತುಟಿ ಬಿಚ್ಚಲಿಲ್ಲ!

"ಕಾಗದದ ಮೇಲೆ ಅಷ್ಟೇ ಕಣೇ ಸರಳಾ" ಅನ್ನುತ್ತಾರೆ. ಈ ಗಲ್ಲಿಯಲ್ಲಿ ಎಲ್ಲರೂ ಮಾಡಿಸಿದ್ದಾರೆ, ಅದಕ್ಕೇ ನಾನೂ ಮಾಡಿಸಿದೆ ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಒಲೆ ಎರಡಾಗಬಾರದು ಅಂತ ನಾನು ನಿನ್ನ ಮುಂದೆ ಕಣ್ಣೀರು ಹಾಕುತ್ತಿದ್ದಾಗ ಈ ಮಹಾನುಭಾವರು ಪಕ್ಕದಲ್ಲೇ ನಿಂತು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನಮ್ಮ ಮನೆ ಮೂರು ವರ್ಷದ ಹಿಂದೆಯೇ ಪಾಲಾಗಿತ್ತು, ಪಾಲು ಮಾಡಿದವರು ಮನೆಯ ಯಜಮಾನರೇ, ಅದೂ ಒಂದು ಸೊನ್ನೆ ಬಿಲ್ಲಿನ ಆಸೆಗೆ! ನನಗೆ ಗೊತ್ತಾಗಿದ್ದು ಸ್ಕೂಟಿಯಲ್ಲಿ ಬಂದ ಪರರ ಮನೆ ಹುಡುಗಿಯಿಂದ. ಎರಡು ದಿನ ನಾನು ಇವರ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟು ಬಡಿಸಿದೆ, ಅಷ್ಟೇ. ಇವರೋ ಪೆನ್ಷನ್ ನಿಲ್ಲಿಸಿಬಿಡುತ್ತಾರೇನೋ, ಪೊಲೀಸರು ಬರುತ್ತಾರೇನೋ ಅಂತ ಗೇಟು ಸದ್ದಾದರೆ ಬೆಚ್ಚುತ್ತಿದ್ದರು. ಕೊನೆಗೆ ನಿನ್ನೆ ತಾವೇ ಕರೆಂಟು ಕಂಪನಿಯ ಆಫೀಸಿಗೆ ಹೋಗಿ, ಮೇಲೆ ಅಡುಗೆಮನೆ ಇರಲಿಲ್ಲ, ಇದು ಒಂದೇ ಸಂಸಾರ, ಮೀಟರು ವಾಪಸು ತಗೊಳ್ಳಿ, ಕಟ್ಟಬೇಕಾದ್ದು ಏನಿದ್ದರೂ ಕಟ್ಟುತ್ತೇನೆ ಅಂತ ಬರೆದುಕೊಟ್ಟು ಬಂದರು. ಬಂದು ಚಪ್ಪಲಿ ಬಿಡುವ ಮೊದಲೇ "ಹೇಳಿಬಿಟ್ಟೆ" ಅಂದರು. ಸಿಟ್ಟು ಇಳಿಯಿತು ಅನ್ನಲಾರೆ, ಕಾಫಿ ಮಾತ್ರ ಮಾಡಿಕೊಟ್ಟೆ.

ಮೇಲೆ ನಿಮ್ಮ ಕೋಣೆಗೆ ಏಸಿ ಬಂದಿದೆ. ಕೆಳಗಿನ ಹಳೆಯದರ ಬದಲು ಹೊಸ ಮೀಟರು ಕೂತು ಸೋಲಾರ್ ಶುರುವಾಗಲು ಇನ್ನೊಂದು ವಾರ ಹತ್ತು ದಿನ ಆಗಬಹುದು ಅಂತ ಕಿಶನ್ ಹೇಳಿದ್ದಾನೆ. ಇವರು ಆಗಲೇ ದಿನಕ್ಕೆ ನಾಲ್ಕು ಸಲ ಛಾವಣಿ ಹತ್ತಿ ಹಲಗೆಯ ಧೂಳು ಒರೆಸಿ ಬರುತ್ತಾರೆ. ಲೈಟು ಆರಿಸಿ ಅಂತ ಬೆನ್ನು ಹತ್ತುತ್ತಿದ್ದವರು ಈಗ, ಮಗು ಬಂದ ಮೇಲೆ ಏಸಿಯನ್ನು ಯಾರೂ ಆರಿಸಕೂಡದು ಅಂತ ಅಪ್ಪಣೆ ಹೊರಡಿಸಿದ್ದಾರೆ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಈಗ ಪಿತೃಪಕ್ಷ, ನೀವು ಹೊರಡುವ ಹಾಗಿಲ್ಲ, ಅದು ಮುಗಿದು ನವರಾತ್ರಿ ಬರಲಿ. ನಿಮ್ಮ ಅಪ್ಪ ಅಮ್ಮನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಅದಿತಿಯ ಅಂಗಾಲಿಗೆ ನನ್ನ ಹೆಸರಲ್ಲಿ ಒಂದು ಮುತ್ತು ಕೊಡು. ನಿನ್ನ ಮಡಿಲು ತಂಪಾಗಿರಲಿ, ಮೈ ಗಟ್ಟಿಯಾಗಿರಲಿ, ನೂರು ವರ್ಷ ಮುತ್ತೈದೆಯಾಗಿ ಬಾಳು.

ನಿನ್ನ ಅತ್ತೆ,
ಸರಳಾ

ಮರೆತೆ — ಗೇಟು ಸದ್ದಾಯಿತು, ಇವರು ಬಂದರು, ಬೇಗ ಬರೆಯುತ್ತೇನೆ. ಮಹಡಿಯ ವರಾಂಡದಲ್ಲಿ ಗಾರೆಯವನಿಗೆ ಕಟ್ಟೆ ಕಟ್ಟಲು ಹೇಳಿದ್ದೇನೆ. ಸಿಂಕು ಬರುತ್ತದೆ, ಹೊಸ ಒಲೆಗೆ ಮುಂಗಡ ಕೊಟ್ಟಿದ್ದೇನೆ. ನಾನು ಅಂದದ್ದು ತಪ್ಪು ಅಂತ ಇದರ ಅರ್ಥವಲ್ಲ! ಸುಳ್ಳು ಒಲೆ ಮೂರು ವರ್ಷ ಇದ್ದೂ ಮನೆ ಮುರಿಯಲಿಲ್ಲ, ನಿಜದ್ದೊಂದು ಇರಲಿ, ನೋಡೇಬಿಡೋಣ. ಡಾಕ್ಟರು ಮೊಟ್ಟೆ ತಿನ್ನು ಅಂದರೂ ನನ್ನ ಅಡುಗೆಮನೆಯಲ್ಲಿ ಅದು ಆಗದೆ, ಏಳು ತಿಂಗಳ ಬಸುರಿ ನೀನು ಬೀದಿ ಕೊನೆಯ ಗಾಡಿಯ ಹತ್ತಿರ ನಿಂತು ತಿಂದು ಬರುತ್ತಿದ್ದೆ. ನನಗೆ ಗೊತ್ತಿತ್ತು. ಮೇಲೆ ನೀನು ಏನು ಬೇಯಿಸಿದರೂ ಕೇಳುವುದಿಲ್ಲ. ಹಾಲು ಉಕ್ಕಿಸುವುದು ನೀನೇ, ನವರಾತ್ರಿಯಲ್ಲಿ ಒಳ್ಳೆಯ ದಿನ ನೋಡಿ. ನೀನು ಕರೆಯುವವರೆಗೆ ನಾನು ಆ ಮೆಟ್ಟಿಲು ಹತ್ತುವುದಿಲ್ಲ. ನೋಯ್ಡಾ ಬೇಡ ಕಣೇ. ಮನೆಗೆ ಬಾ, ಬಂದು ಕರಿ.